ಹಿತ್ತಲು ಕಿಟಕಿಗೆ ಬಂದ ಕಥೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮಗೆಲ್ಲ ಗೊತ್ತು. ಚೆನ್ನೈನ ಫ್ಲ್ಯಾಟುಗಳಲ್ಲಿರುವ ನಮಗೆ ಮದ್ದಿನ ಮಾತು ಹಾಗಿರಲಿ, ಹಿತ್ತಲೇ ಇಲ್ಲ. ಕೊತ್ತಂಬರಿ, ಪುದೀನ, ಕರಿಬೇವು ಎಲ್ಲಕ್ಕೂ ಬೇರೆಬೇರೆ ಬೆಲೆ ಕೊಟ್ಟು ಆ್ಯಪ್‌ನಲ್ಲಿ ತರಿಸುತ್ತೇವೆ. ಒಗ್ಗರಣೆಯ ಸೊಪ್ಪಿಗೆ ಬೆಲೆ ಬಂದದ್ದು ಹೇಗೆ ಎಂದು ಹುಡುಕುತ್ತ ಹೋದರೆ ಈ ಊರಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಕರಿಬೇವಿನಿಂದಲೇ ಆರಂಭಿಸೋಣ. ಅದು ನಮ್ಮ ನೆಲದ ಗಿಡ. ಅದರ ವೈಜ್ಞಾನಿಕ ಹೆಸರಿನಲ್ಲಿರುವ ‘ಕೊಯೆನಿಗಿ’ ಮಾತ್ರ ಯೋಹಾನ್ ಕೊಯೆನಿಗ್ ಎಂಬ ವೈದ್ಯನ ನೆನಪು. ಲಿನೇಯಸ್‌ನ ಶಿಷ್ಯನಾದ ಆತ 1768ರಲ್ಲಿ ತರಂಗಂಬಾಡಿಗೆ ಬಂದ. ಮುಂದೆ ಆರ್ಕಾಟ್ ನವಾಬನ ಬಳಿ, 1778ರಿಂದ ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸಸ್ಯಶೋಧಕನಾಗಿ ದುಡಿದ. ನಮ್ಮದೇ ಎಂದುಕೊಳ್ಳುವ ದೊಡ್ಡಪತ್ರೆಯ ಮೂಲ ಆಫ್ರಿಕಾ. ಇಲ್ಲಿ ಅದು ಕರ್ಪೂರವಳ್ಳಿ. ನಮ್ಮ ಹಾಗೆಯೇ ಬಂದು ನೆಲೆನಿಂತ ಗಿಡ!

ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಓದು, ಕೋರ್ಟು, ನೌಕರಿ, ಹೋಟೆಲು ಎಂದು ಕನ್ನಡಿಗರು ಇಲ್ಲಿಗೆ ಬಂದರು. ಆಗಿನ ಮೈಲಾಪುರ, ತಿರುವಲ್ಲಿಕ್ಕೇಣಿಯ ಮನೆಗಳಿಗೆ ಬಾವಿಯಿತ್ತು, ಹಿತ್ತಲಿತ್ತು. ಪಾತ್ರೆ ತೊಳೆದ ನೀರು ಬಾಳೆಗೂ ಕರಿಬೇವಿಗೂ ಹರಿಯುತ್ತಿತ್ತು. ಹಿತ್ತಲಿಲ್ಲದವರಿಗೆ ತರಕಾರಿಯವಳು ಒಂದು ಹಿಡಿ ಸೊಪ್ಪನ್ನು ಕೊಸರಾಗಿ ಹಾಕುತ್ತಿದ್ದಳು. ತಮಿಳಿನಲ್ಲೂ ಅದು ‘ಕೊಸುರು’. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಅಕ್ಕಿ ಬರುವುದು ನಿಂತಿತು. ಸರ್ಕಾರ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಆಂದೋಲನ ಆರಂಭಿಸಿತು. ಆಹಾರಧಾನ್ಯದ ನಿಯಂತ್ರಣವನ್ನು ರಾಜಾಜಿ ತೆಗೆದದ್ದು 1952ರಲ್ಲಿ. ಅಕ್ಕಿಗೆ ರೇಷನ್ ಇದ್ದ ಆ ವರ್ಷಗಳಲ್ಲೂ ಹಿತ್ತಲ ಸೊಪ್ಪಿಗೆ ರೇಷನ್ ಇರಲಿಲ್ಲ.

ಗಿಡಕ್ಕೂ ನಮ್ಮ ಅಡುಗೆಗೂ ಈ ಊರಿನಲ್ಲಿ ಇನ್ನೊಂದು ನಂಟಿದೆ. ಕೆಥೀಡ್ರಲ್ ರಸ್ತೆಯಲ್ಲಿ, 1835ರಲ್ಲಿ ಹುಟ್ಟಿದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ಸುಪರ್ದಿಯಲ್ಲಿದ್ದ ಜಾಗದಲ್ಲಿ, ದಕ್ಷಿಣ ಕನ್ನಡದ ಕೆ. ಕೃಷ್ಣ ರಾಯರು 1962ರಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದರು. ಮರಗಳ ನೆರಳಲ್ಲಿ ದೋಸೆ ತಿಂದವರು ನಮ್ಮ ಸಂಘದಲ್ಲೂ ಇದ್ದಾರು. ಅದು 2008ರಲ್ಲಿ ಮುಚ್ಚಿತು. 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ಬಂತು.

ಅಷ್ಟರಲ್ಲಿ ಹಳೆಯ ಮನೆಗಳು ಕೆಡವಲ್ಪಟ್ಟು ಫ್ಲ್ಯಾಟುಗಳಾಗಿದ್ದವು. ಹಿತ್ತಲು ಕಾರು ನಿಲ್ಲಿಸುವ ಜಾಗವಾಯಿತು. ಸೂಪರ್‌ಮಾರ್ಕೆಟ್ಟಿನಲ್ಲಿ ಕೊಸರಿಗೂ ಬಾರ್‌ಕೋಡ್ ಬಿತ್ತು. 2013ರ ಸುಮಾರಿಗೆ ತಮಿಳುನಾಡಿನ ತೋಟಗಾರಿಕೆ ಇಲಾಖೆ ಚೆನ್ನೈ, ಕೊಯಮತ್ತೂರಿನವರಿಗೆ ತಾರಸಿ ತೋಟದ ಕಿಟ್ಟನ್ನು ರಿಯಾಯಿತಿ ದರದಲ್ಲಿ ಕೊಡತೊಡಗಿತು. ಹಿತ್ತಲು ಮೇಲಕ್ಕೆ ಹತ್ತಿತು. ತಾರಸಿಯ ಮೇಲೆ ಹಕ್ಕಿಲ್ಲದ ನನ್ನಂಥವರಿಗೆ ಉಳಿದದ್ದು ಅಡುಗೆಮನೆಯ ಕಿಟಕಿ. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಕೆರೆಗಳು ಒಣಗಿದಾಗ ಅಕ್ಕಿ ತೊಳೆದ ನೀರೇ ನನ್ನ ಕುಂಡಗಳನ್ನು ಉಳಿಸಿತು. ಹಳೆಯ ಹಿತ್ತಲಿನ ಪಾಠವೂ ಅದೇ ಆಗಿತ್ತಲ್ಲವೇ?

ಐಟಿಯವಳಾದ್ದರಿಂದ ಲೆಕ್ಕ ಇಟ್ಟಿದ್ದೇನೆ. ವಾರಕ್ಕೆ ಸೊಪ್ಪಿಗೆ 50 ರೂಪಾಯಿ ಹೋಗುತ್ತಿತ್ತು, ಅರ್ಧ ಫ್ರಿಜ್ಜಿನಲ್ಲೇ ಕೊಳೆಯುತ್ತಿತ್ತು. ಈಗ 20 ರೂಪಾಯಿ ಸಾಕು. ವರ್ಷಕ್ಕೆ ಸುಮಾರು 1,500 ರೂಪಾಯಿ ಉಳಿತಾಯ. ಕೊತ್ತಂಬರಿಯಿಂದ ಹೆಚ್ಚು ಲಾಭವಿಲ್ಲ: ಒಮ್ಮೆ ಕಿತ್ತರೆ ಮತ್ತೆ ಬಿತ್ತಬೇಕು, ಸೆಕೆಗೆ ಬೇಗ ಹೂ ಬಿಡುತ್ತದೆ. ಅದಕ್ಕೆ ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಉಳಿತಾಯ ತರುವುದು ಚಿವುಟಿದಷ್ಟೂ ಚಿಗುರುವ ಪುದೀನ, ದೊಡ್ಡಪತ್ರೆ. ಮಾರುಕಟ್ಟೆಯ ಪುದೀನದ ಕಡ್ಡಿಯನ್ನೇ ನೀರಿನಲ್ಲಿಟ್ಟರೆ ವಾರದಲ್ಲಿ ಬೇರು ಬರುತ್ತದೆ. ಕರಿಬೇವಿಗೆ ಮಾತ್ರ ಬಿಸಿಲು ಬೀಳುವ ಬಾಲ್ಕನಿಯೇ ಬೇಕು.

ಆದರೆ ಲೆಕ್ಕಕ್ಕೆ ಸಿಗದ ಒಂದು ವಿಷಯವಿದೆ. ದೊಡ್ಡಪತ್ರೆ, ಒಂದೆಲಗ ನನ್ನ ಆ್ಯಪ್‌ನಲ್ಲಿ ಸಿಗುವುದಿಲ್ಲ. ಗಿಡ ಮನೆಯಲ್ಲಿಲ್ಲದಿದ್ದರೆ ತಂಬುಳಿ ಇಲ್ಲ. ತಂಬುಳಿ ಇಲ್ಲದ ಮನೆಯಲ್ಲಿ ಮಕ್ಕಳಿಗೆ ಆ ಹೆಸರೂ ಉಳಿಯುವುದಿಲ್ಲ. ಚೆನ್ನೈನಲ್ಲಿ ಕನ್ನಡ ಉಳಿಸುವ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಅದರಲ್ಲಿ ಒಂದು ಪಾಲು ಅಡುಗೆಮನೆಯ ಕಿಟಕಿಯಲ್ಲೂ ಇದೆ. ಗೆಳತಿಯರೇ, ಮುಂದಿನ ಸಭೆಗೆ ಬರುವಾಗ ನಿಮ್ಮ ಕುಂಡದಿಂದ ಒಂದೊಂದು ಕಡ್ಡಿ ಮುರಿದು ತನ್ನಿ. ನಾನು ದೊಡ್ಡಪತ್ರೆ ತರುತ್ತೇನೆ. ಕೊಸರು ಎಂದೇ ಇಟ್ಟುಕೊಳ್ಳಿ.