ಕುಮಾರರಾಮನ ಹಾಡಿಗೆ ಮೂಲವಾದ ವೃತ್ತಾಂತ

ಕುಡತಿನಿ, ಕುರುಗೋಡು, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಗಂಡುಗಲಿ ಕುಮಾರರಾಮನ ಹೆಸರನ್ನು ಕೇಳದ ಹಿರಿಯರು ವಿರಳ. ಆತನ ಚರಿತೆಯು ಹಾಡಾಗಿಯೂ ಸಾಂಗತ್ಯವಾಗಿಯೂ ಬಯಲಾಟವಾಗಿಯೂ ತಲೆತಲಾಂತರದಿಂದ ಜನಮನವನ್ನು ಕರಗಿಸಿದೆ. ಇದು ನಡೆದುದೋ, ಕವಿಗಳು ಕಟ್ಟಿದುದೋ ಎಂಬ ಪ್ರಶ್ನೆಯು ಕೇಳುವವರಲ್ಲಿ ಹುಟ್ಟುವುದು ಸಹಜವೇ. ಶಾಸನಗಳನ್ನೂ ಆ ಕಾಲದವರ ಬರಹಗಳನ್ನೂ ಕಾವ್ಯದ ಜೊತೆಗೆ ಇಟ್ಟು ನೋಡಿದರೆ ಇದಕ್ಕೆ ತಕ್ಕ ಉತ್ತರವು ದೊರೆಯುತ್ತದೆ.

ಕುಮಾರರಾಮನ ಅಜ್ಜನಾದ ಮುಮ್ಮಡಿ ಸಿಂಗೆಯನಾಯಕನು ದೇವಗಿರಿಯ ಸೇವುಣರ ಅಧೀನದಲ್ಲಿದ್ದ ನಾಯಕನು. ಸೇವುಣರ ರಾಜ್ಯವು ದಿಲ್ಲಿಯ ಸುಲ್ತಾನರ ವಶವಾದ ಮೇಲೆ ಸಿಂಗೆಯನ ಮಗ ಕಂಪಿಲರಾಯನು ಸ್ವತಂತ್ರನಾಗಿ ತುಂಗಭದ್ರೆಯ ಎರಡು ದಡಗಳಲ್ಲಿಯೂ ಆಳಿದನು. ಈ ಅರಸನು ಶಿವಭಕ್ತನು. ತನ್ನ ತಂದೆತಾಯಿಗಳ ಮತ್ತು ಪೆರುಮೆಯನಾಯಕನ ನೆನಪಿಗಾಗಿ ಹಂಪೆಯ ಹೇಮಕೂಟದಲ್ಲಿ ಶಿವಾಲಯವನ್ನು ಕಟ್ಟಿಸಿ ಮೂರು ಲಿಂಗಗಳನ್ನು ಪ್ರತಿಷ್ಠಿಸಿದನೆಂದು ಅಲ್ಲಿಯ ಶಾಸನವೇ ಸಾರುತ್ತದೆ. ವಿಜಯನಗರವು ತಲೆಯೆತ್ತುವುದಕ್ಕೆ ಮುಂಚೆಯೇ ಆ ಗುಡ್ಡದ ಮೇಲೆ ಕಂಪಿಲಿಯ ಅರಸರ ಶಿವಪೂಜೆಯು ನಡೆದಿತ್ತೆಂಬುದನ್ನು ಭಕ್ತರು ಗಮನಿಸತಕ್ಕದ್ದು.

1326ರ ಸುಮಾರಿಗೆ ದಿಲ್ಲಿಯ ಮುಹಮ್ಮದ್ ತುಘಲಕನ ಬಂಧುವಾದ ಬಹಾಉದ್ದೀನ್ ಗುರ್ಶಾಸ್ಪನು ದಂಗೆಯೆದ್ದು, ಸೋತು, ಕಂಪಿಲರಾಯನ ಮರೆಹೊಕ್ಕನು. ಆತನನ್ನು ಒಪ್ಪಿಸಿದ್ದರೆ ರಾಜ್ಯವು ಉಳಿಯುತ್ತಿತ್ತು. ಕಂಪಿಲನು ಒಪ್ಪಿಸಲಿಲ್ಲ. ದಿಲ್ಲಿಯ ಸೇನೆಯು ಬಂದು ಕೋಟೆಯನ್ನು ಮುತ್ತಿತು. ಕೊನೆಗೆ ಕೋಟೆಯೊಳಗೆ ದವಸವು ಮುಗಿಯುತ್ತ ಬಂದಾಗ ರಾಯನು ಅತಿಥಿಯನ್ನು ಬೇರೊಬ್ಬ ಅರಸನ ಬಳಿಗೆ ಕಳುಹಿಸಿದನು. ಅರಮನೆಯ ಹೆಂಗಸರು ಅಗ್ನಿಪ್ರವೇಶ ಮಾಡಿದರು. ರಾಯನು ತನ್ನವರೊಡನೆ ಹೊರಬಿದ್ದು ಹೋರಾಡಿ 1327ರಲ್ಲಿ ಮಡಿದನು. ಇದನ್ನು ಬರೆದವನು ಕನ್ನಡದ ಕವಿಯಲ್ಲ, ಇಬ್ನ್ ಬತೂತನೆಂಬ ಪರದೇಶದ ಯಾತ್ರಿಕನು. ಸೆರೆಸಿಕ್ಕ ಕಂಪಿಲನ ಹನ್ನೊಂದು ಮಂದಿ ಮಕ್ಕಳನ್ನು ಸುಲ್ತಾನನು ಮತಾಂತರಿಸಿ ತನ್ನ ಸರದಾರರನ್ನಾಗಿ ಮಾಡಿಕೊಂಡನೆಂದೂ, ಅವರಲ್ಲಿ ಕೆಲವರನ್ನು ತಾನು ಬಲ್ಲೆನೆಂದೂ ಆತನು ಹೇಳುತ್ತಾನೆ. ಗುರ್ಶಾಸ್ಪನಾದರೋ ಉಳಿಯಲಿಲ್ಲ. ಆತನು ಆಶ್ರಯವನ್ನರಸಿ ಹೋದ ಹೊಯ್ಸಳ ಮುಮ್ಮಡಿ ಬಲ್ಲಾಳನು ಆತನನ್ನು ಹಿಡಿದು ಸುಲ್ತಾನನಿಗೆ ಒಪ್ಪಿಸಿ ಆ ಸಲ ತನ್ನ ರಾಜ್ಯವನ್ನು ಕಾಪಾಡಿಕೊಂಡನು.

ಇನ್ನು ಹಾಡಿನ ಕಥೆಯನ್ನು ನೋಡುವ. 16ನೆಯ ಶತಮಾನದಲ್ಲಿ ನಂಜುಂಡಕವಿಯೂ, ಆತನ ತರುವಾಯ ಪಾಂಚಾಳ ಗಂಗನೂ ಇದನ್ನು ಹಾಡುವುದಕ್ಕೆ ಒಗ್ಗುವ ಸಾಂಗತ್ಯದಲ್ಲಿ ಬರೆದರು. ಅಲ್ಲಿ ಕಥೆಯ ತಿರುಳು ಚೆಂಡಾಟದಿಂದ ಆರಂಭವಾಗುತ್ತದೆ. ರಾಮನ ಚೆಂಡು ಚಿಕ್ಕತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ. ತರಲು ಹೋದವನನ್ನು ಆಕೆಯು ಮೋಹಿಸುತ್ತಾಳೆ. ರಾಮನು ತಾಯಿಯೆಂದು ಕೈಮುಗಿದು ಹಿಂದಿರುಗಲು, ಆಕೆಯು ಅಪವಾದವನ್ನು ಹೊರಿಸುತ್ತಾಳೆ. ರಾಯನು ವಿಚಾರಿಸದೆ ಮಗನ ತಲೆಯನ್ನು ಬೇಡುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ನೆಲಮನೆಯಲ್ಲಿ ಅಡಗಿಸಿ ಬೇರೊಂದು ತಲೆಯನ್ನು ತೋರಿಸುತ್ತಾನೆ. ದಿಲ್ಲಿಯ ದಂಡು ಬಂದಾಗ ರಾಯನು ಮಗನಿಲ್ಲವೆಂದು ಮರುಗುತ್ತಾನೆ; ಆಗ ಹೊರಬಂದ ರಾಮನು, ತನ್ನನ್ನು ಕೊಲ್ಲಹೇಳಿದ ತಂದೆಗಾಗಿಯೇ ಕಾದುತ್ತಾನೆ, ಕಡೆಗೆ ಮಡಿಯುತ್ತಾನೆ. ‘ಪರನಾರೀ ಸಹೋದರ’ನೆಂಬ ಬಿರುದು ಆತನ ಹೆಸರಿಗೆ ಅಂಟಿ ನಿಂತಿತು.

ರತ್ನಾಜಿಯ ಪ್ರಸಂಗಕ್ಕೆ ಶಾಸನದ ಆಧಾರವಿಲ್ಲ. ಸಾರಂಗಧರನ ಕಥೆಯಲ್ಲಿಯೂ ಇಂಥದೇ ಪ್ರಸಂಗವಿರುವುದರಿಂದ ಇದು ಪ್ರಾಚೀನವಾದ ಕಥಾಬೀಜವೆಂದು ಹೇಳಬಹುದು. ಆದರೆ ಮರೆಹೊಕ್ಕವನ ಸಂಗತಿಯನ್ನು ಹಾಡು ಬಿಟ್ಟಿಲ್ಲ. ಗುರ್ಶಾಸ್ಪನು ಕಾವ್ಯದಲ್ಲಿ ಬಹದ್ದೂರನೆಂಬ ಹೆಸರಿನಿಂದ ಬರುತ್ತಾನೆ. ಇನ್ನೂರು ವರ್ಷಗಳ ತರುವಾಯ ಬರೆದ ಕವಿಗೆ ಈ ಸಂಗತಿಯು ತಲುಪಿದುದು ಜನರ ಬಾಯಿಂದಲೇ ಇರಬೇಕು. ಆದುದರಿಂದ ಹಾಡನ್ನು ಬರಿಯ ಕಲ್ಪನೆಯೆಂದು ತಳ್ಳುವುದೂ ಸರಿಯಲ್ಲ, ಅಕ್ಷರಶಃ ಇತಿಹಾಸವೆಂದು ಹಿಡಿಯುವುದೂ ಸರಿಯಲ್ಲ. ನಡೆದ ಘಟನೆಯು ಎಲುಬು. ಜನರು ತಮಗೆ ಬೇಕಾದ ಶೀಲವನ್ನು ಅದರ ಮೇಲೆ ಮಾಂಸವಾಗಿ ತುಂಬಿದ್ದಾರೆ.

ಲೋಕದ ಲೆಕ್ಕದಲ್ಲಿ ಕಂಪಿಲನು ಸೋತವನು. ರಾಜ್ಯವೂ ಹೋಯಿತು, ಕಾಪಾಡಿದವನೂ ಬದುಕಲಿಲ್ಲ. ಆದರೂ ಈ ಸೀಮೆಯ ಒಕ್ಕಲಿಗನು, ಕುರುಬನು, ಬೇಡನು ಹಾಡಿದುದು ಈ ಸೋತ ಮನೆತನವನ್ನೇ. ಗಂಗಾವತಿಯ ಸೀಮೆಯ ಕುಮ್ಮಟದುರ್ಗದಲ್ಲಿ ರಾಮನಿಗೆ ಇಂದಿಗೂ ಪೂಜೆಯು ಸಲ್ಲುತ್ತಿದೆ. ಮರೆಹೊಕ್ಕವರನ್ನು ಬಿಡದಿರುವುದು, ಪರಸತಿಯನ್ನು ತಾಯಿಯೆಂದು ಕಾಣುವುದು, ಇವೆರಡೂ ಶರಣರು ನಡೆನುಡಿಗಳಲ್ಲಿ ಬೋಧಿಸಿದ ಧರ್ಮಗಳೇ ಆಗಿವೆ. ಓದುಬರಹವರಿಯದ ಜನರು ಗೆಲುವನ್ನು ನೋಡದೆ ನಡತೆಯನ್ನು ನೋಡಿ ಹಾಡು ಕಟ್ಟಿದರೆಂಬುದು ಈ ನಾಡಿನ ಭಾಗ್ಯವು. ಹೇಮಕೂಟವನ್ನು ಏರುವ ಭಕ್ತರು ಕಂಪಿಲನು ಪ್ರತಿಷ್ಠಿಸಿದ ಆ ಲಿಂಗಗಳ ಸನ್ನಿಧಿಯಲ್ಲಿ ಕ್ಷಣಕಾಲ ನಿಂತು, ಆ ತಂದೆಮಕ್ಕಳನ್ನು ಸ್ಮರಿಸುವುದು ಯೋಗ್ಯವಾದುದು.