ಮುಯ್ಯಾಳಿನ ಬಾಕಿ

ಕಚೇರಿಯ ಕನ್ನಡದಲ್ಲಿ ‘ಸಹಕಾರ’ಕ್ಕೆ ಬಿಡುವೇ ಇಲ್ಲ. ರಸ್ತೆ ಅಗೆದರೂ ಸಾರ್ವಜನಿಕರು ಸಹಕರಿಸಬೇಕು, ಕರೆಂಟು ಹೋದರೂ ಗ್ರಾಹಕರು ಸಹಕರಿಸಬೇಕು, ಅಂದರೆ ತೆಪ್ಪಗಿರಬೇಕು. ಹಳೆಯ ಕಾವ್ಯಗಳಲ್ಲಿ ಸಹಕಾರವೆಂದರೆ ಮಾವಿನ ಮರ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರಿ ಪತ್ತಿನ ಸಂಘ ಹುಟ್ಟಿತು. ಅಂಥ ಸಂಘಗಳು ಊರೂರಿಗೆ ಹಬ್ಬಿದ ಮೇಲೆ ಸಹಕಾರವೆಂಬುದು ಸೊಸೈಟಿ, ಷೇರು, ಸಾಲದ ಮಾತಾಯಿತು. ಜೊತೆಯಲ್ಲಿ ದುಡಿಯುವವರು ಒಬ್ಬರಿಗೊಬ್ಬರು ಒದಗುವುದಕ್ಕೆ ಗದ್ದೆಬಯಲಿನಲ್ಲಿ ಬೇರೆ ಮಾತಿತ್ತು: ಮುಯ್ಯಿ.

ನಾಟಿಯ ದಿನ ನಿಮ್ಮ ಮನೆಯಿಂದ ಇಬ್ಬರು ನಮ್ಮ ಗದ್ದೆಗಿಳಿದರೆ, ನಿಮ್ಮ ನಾಟಿಗೆ ನಮ್ಮವರಿಬ್ಬರು. ಇದು ಮುಯ್ಯಾಳು; ಮಲೆನಾಡಿನ ಕೆಲವು ಕಡೆ ಮುರಿಯಾಳು. ಕೂಲಿಯಿಲ್ಲ, ಊಟ ಗದ್ದೆಯವರದು. ಲೆಕ್ಕ ಬರೆದಿಡುತ್ತಿರಲಿಲ್ಲ, ಆದರೆ ‘ಅವರದಿನ್ನೂ ಒಂದಾಳು ಬಾಕಿ’ ಎನ್ನುವುದು ಮನೆಯ ಮಕ್ಕಳಿಗೂ ಗೊತ್ತು. ಕೈ ಚುರುಕಿಲ್ಲದ ಹುಡುಗನನ್ನು ಅಟ್ಟಿದರೆ ನಿಮ್ಮ ಗದ್ದೆಗೂ ಅಂಥವನೇ ಬರುತ್ತಾನೆ. ಬೇಸಿಗೆಯಲ್ಲಿ ತೀರಿಸುತ್ತೇನೆ ಎಂದರೂ ನಡೆಯದು. ಮಡಿಯಲ್ಲಿ ಸಸಿ ಬಲಿತುಹೋದರೆ ಇಳುವರಿ ಕೈಕೊಡುತ್ತದೆ. ನಾಟಿಯ ಆಳಿಗೆ ನಾಟಿಯಲ್ಲೇ ಬೆಲೆ.

ಮದುವೆಮನೆಯಲ್ಲೂ ಇದೇ ಪದ. ಚಪ್ಪರದಲ್ಲೊಬ್ಬ ಪುಸ್ತಕ ಹಿಡಿದು ಕೂತು, ಇಂಥ ಊರಿನ ಇಂಥವರಿಂದ ನೂರೊಂದು ರೂಪಾಯಿ ಎಂದು ಕೂಗಿ ಮುಯ್ಯಿ ಓದಿಸುತ್ತಿದ್ದ. ಆ ಪುಸ್ತಕ ಟ್ರಂಕು ಸೇರಿ, ಮುಯ್ಯಿ ಕೊಟ್ಟವರ ಮನೆಯ ಲಗ್ನಪತ್ರಿಕೆ ಬಂದ ದಿನ ಹೊರಬರುತ್ತಿತ್ತು. ಇನ್ನು ಸೇಡಿಗೂ ಮುಯ್ಯಿಯೇ. ಪತ್ರಿಕೆಗಳು ಕ್ರಿಕೆಟ್ ಪುಟಕ್ಕೆ ಈ ಅರ್ಥವೊಂದನ್ನೇ ಉಳಿಸಿಕೊಂಡಿವೆ: ಸೋತವರು ಮುಂದಿನ ಪಂದ್ಯದಲ್ಲಿ ಮುಯ್ಯಿ ತೀರಿಸಿಕೊಳ್ಳುತ್ತಾರೆ. ನನಗಿದು ವಿಚಿತ್ರವೆನಿಸುವುದಿಲ್ಲ. ಪಡೆದದ್ದನ್ನು ಹಿಂದಿರುಗಿಸದೆ ಬಿಡಬಾರದೆಂಬ ಹಟ ಎರಡರಲ್ಲೂ ಒಂದೇ.

ಹಾಗಂತ ಮುಯ್ಯಿಯನ್ನು ಹಳ್ಳಿಯ ಒಗ್ಗಟ್ಟೆಂದು ಹಾಡಿ ಹೊಗಳುವವರ ಜೊತೆ ನಾನಿಲ್ಲ. ಅದು ನಡೆಯುತ್ತಿದ್ದದ್ದು ಗದ್ದೆಯಿದ್ದವರ ನಡುವೆ. ಭೂಮಿಯಿಲ್ಲದವನ ದುಡಿಮೆಗೆ ಕೂಲಿ; ಕೆಲವೊಮ್ಮೆ ಅದೂ ಇಲ್ಲದ ಬಿಟ್ಟಿ. ಅವನಿಗೆ ಆಳು ತಿರುಗಿಸೋಣವೆಂದರೆ ಇಳಿಯಲು ಅವನದೊಂದು ಗದ್ದೆ ಎಲ್ಲಿತ್ತು? ಸಮಸಮ ಇರುವವರಲ್ಲಿ ಮಾತ್ರ ಈ ಪದಕ್ಕೆ ಜೀವ.

ಆ ಜೀವ ಈಗ ಆಸ್ಪತ್ರೆಯ ವಾರ್ಡಿನಲ್ಲಿ ಕಾಣುತ್ತದೆ. ‘ಗೌರಿಹಬ್ಬಕ್ಕೆ ನಿನ್ನ ನೈಟು ನಾನು ಮಾಡ್ತೀನಿ, ನನ್ನ ಭಾನುವಾರ ನೀನು ನೋಡ್ಕೋ’ ಎನ್ನುತ್ತಾರೆ ನರ್ಸುಗಳು. ಅವರ ಬಾಯಲ್ಲಿ ಇದು ಅಡ್ಜಸ್ಟ್‌ಮೆಂಟು. ಮಾತಾಗುವುದು ಚಹಾ ಕುಡಿಯುವಾಗ, ಡ್ಯೂಟಿ ಪಟ್ಟಿ ತಿದ್ದುವುದು ಆಮೇಲೆ. ಇಲ್ಲೂ ಹಬ್ಬದ ರಾತ್ರಿಗೆ ಸಾದಾ ಮಂಗಳವಾರ ಸಮವಲ್ಲ. ಯಾರದು ಬಾಕಿ ಎಂದು ಕೇಳಿದರೆ ಪಟ್ಟಿ ನೋಡದೆ ಹೇಳುತ್ತಾರೆ. ತೀರಿಸದೆ ಜಾರಿಕೊಂಡವಳನ್ನು ಯಾರೂ ಬೈಯುವುದಿಲ್ಲ. ಮುಂದಿನ ಸಲ ಅವಳು ರಜೆಗೆ ಜನ ಹುಡುಕುವಾಗ ಎಲ್ಲರ ಮನೆಯಲ್ಲೂ ಅವತ್ತೇ ಸತ್ಯನಾರಾಯಣ ಪೂಜೆ ಇರುತ್ತದೆ.