ಇಸಾಂಗ್ ಯುನ್: ಗೋರಿಯ ಚಿತ್ರ, ಸೆರೆಮನೆಯ ಸಂಗೀತ

ಗಮಕ ಕೇಳಿ ಬೆಳೆದ ನನ್ನ ಕಿವಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸ್ವರಗಳು ತೀರಾ ನೆಟ್ಟಗೆ ನಿಂತಂತೆ ಕೇಳುತ್ತಿದ್ದವು. ಕೊರಿಯಾದ ಸಂಯೋಜಕ ಇಸಾಂಗ್ ಯುನ್ (1917–1995) ನನಗೆ ಹತ್ತಿರವಾದದ್ದು ಈ ಕಾರಣಕ್ಕೇ. ಅವರ ಕೃತಿಗಳಲ್ಲಿ ಒಂದೇ ಸ್ವರ ನಡುಗುತ್ತದೆ, ಉಬ್ಬುತ್ತದೆ, ಜಾರುತ್ತದೆ, ಕರಗುತ್ತದೆ. ಯುರೋಪಿನ ಸ್ವರ ಪೆನ್ಸಿಲ್ಲಿನ ಗೆರೆಯಂತೆ, ಪೂರ್ವದ ಸ್ವರ ಕುಂಚದ ಎಳೆಯಂತೆ ಎಂಬುದು ಅವರ ಹೋಲಿಕೆ. ಕುಂಚದ ಎಳೆ ಒಮ್ಮೆ ದಪ್ಪ, ಒಮ್ಮೆ ತೆಳು. ಅದಕ್ಕೆ ತನ್ನದೇ ಜೀವವಿದೆ.

ಯುನ್ ಬೆಳೆದದ್ದು ಟೊಂಗ್‌ಯೊಂಗ್ ಎಂಬ ಕಡಲ ತೀರದ ಊರಿನಲ್ಲಿ. ಆಗ ಕೊರಿಯಾ ಜಪಾನಿನ ವಸಾಹತು. ಸಂಗೀತ ಕಲಿತದ್ದು ಜಪಾನಿನಲ್ಲೇ. 1943ರಲ್ಲಿ ಅದೇ ಜಪಾನೀಯರು ಅವರನ್ನು ಬಂಧಿಸಿದರು. 1956ರಲ್ಲಿ, ನಲವತ್ತರ ಹೊಸ್ತಿಲಲ್ಲಿ, ಮತ್ತೆ ವಿದ್ಯಾರ್ಥಿಯಾಗಿ ಪ್ಯಾರಿಸ್‌ಗೆ, ಅಲ್ಲಿಂದ ಪಶ್ಚಿಮ ಬರ್ಲಿನ್‌ಗೆ ಹೋದರು. 1966ರಲ್ಲಿ ಡೋನಾಯೆಶಿಂಗೆನ್ ಉತ್ಸವದಲ್ಲಿ ಅವರ ‘ರೆಯಾಕ್’ ಪ್ರಸ್ತುತವಾಯಿತು. ಅದರಲ್ಲಿ ಕೊರಿಯಾದ ಆಸ್ಥಾನ ಸಂಗೀತದ ನಾದವನ್ನು ಪಾಶ್ಚಾತ್ಯ ಆರ್ಕೆಸ್ಟ್ರಾದ ವಾದ್ಯಗಳಿಂದಲೇ ಹೊರಡಿಸಿದ್ದರು. ಯುರೋಪಿನಲ್ಲಿ ಅವರ ಹೆಸರು ನಿಂತಿತು.

ಮರುವರ್ಷವೇ, 1967ರ ಜೂನ್‌ನಲ್ಲಿ, ದಕ್ಷಿಣ ಕೊರಿಯಾದ ಗುಪ್ತಚರರು ಅವರನ್ನು ಬರ್ಲಿನ್‌ನಿಂದ ಅಪಹರಿಸಿ ಸೋಲ್‌ಗೆ ಒಯ್ದರು. 1963ರಲ್ಲಿ ಯುನ್ ಉತ್ತರ ಕೊರಿಯಾಕ್ಕೆ ಹೋಗಿಬಂದಿದ್ದರು. ಗೋಗುರ್ಯೊ ಕಾಲದ ಗೋರಿಯೊಂದರ ಭಿತ್ತಿಚಿತ್ರಗಳನ್ನು ಕಣ್ಣಾರೆ ನೋಡುವ ಆಸೆ ಅವರನ್ನು ಅಲ್ಲಿಗೆ ಎಳೆದಿತ್ತು. ಸರ್ಕಾರದ ಕಣ್ಣಿಗೆ ಅದು ಗೂಢಚರ್ಯೆಯಾಯಿತು. ಚಿತ್ರಹಿಂಸೆ ತಾಳಲಾರದೆ ಯುನ್ ಆತ್ಮಹತ್ಯೆಗೂ ಯತ್ನಿಸಿದರು. ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿಯಲ್ಲಿ ಅದು ಇಳಿಯಿತು.

ಸೆರೆಯಲ್ಲಿ ಬರೆಯಲು ಅನುಮತಿ ಸಿಕ್ಕಾಗ ಅವರು ಕೈಗೆತ್ತಿಕೊಂಡದ್ದು ಒಂದು ಹಾಸ್ಯ ಆಪೆರಾ: ಚಿಟ್ಟೆಯಾಗಿ ಕನಸು ಕಾಣುವ ಚೀನೀ ದಾರ್ಶನಿಕ ಚುವಾಂಗ್‌ತ್ಸೆಯ ಕಥೆ. 1969ರ ಫೆಬ್ರವರಿಯಲ್ಲಿ ನ್ಯೂರೆಂಬರ್ಗ್‌ನಲ್ಲಿ ಅದರ ಮೊದಲ ಪ್ರದರ್ಶನ ನಡೆದಾಗ ಸಂಯೋಜಕ ಸಭೆಯಲ್ಲಿರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು 1968ರ ‘ಇಮೇಜಸ್’. ಕೊಳಲು, ಓಬೋ, ವಯಲಿನ್, ಚೆಲ್ಲೊ, ಒಟ್ಟು ನಾಲ್ಕೇ ವಾದ್ಯ. ಅದರ ಪ್ರೇರಣೆ ಆ ಗೋರಿಯ ನಾಲ್ಕು ಗೋಡೆಗಳ ಕಾವಲು ಜೀವಿಗಳು: ನೀಲಿ ಡ್ರ್ಯಾಗನ್, ಬಿಳಿ ಹುಲಿ, ಕೆಂಪು ಹಕ್ಕಿ, ಕಪ್ಪು ಆಮೆ. ಯಾವ ಚಿತ್ರಗಳನ್ನು ನೋಡಲು ಹೋದದ್ದು ಅಪರಾಧವೆನಿಸಿತೋ ಅವನ್ನೇ ಜೈಲಿನಲ್ಲಿ ಕೂತು ಸಂಗೀತವಾಗಿಸಿದರು. ವಿಚಾರಣೆಯಲ್ಲಿ ಹೇಳಿದರೂ ನಂಬದ ಮಾತಿಗೆ ಇದು ಅವರ ಉತ್ತರ ಎಂದೇ ನಾನು ಓದಿಕೊಳ್ಳುತ್ತೇನೆ.

ಸ್ಟ್ರಾವಿನ್‌ಸ್ಕಿ, ಕರಾಯನ್, ಲಿಗೆಟಿ ಮೊದಲಾಗಿ ಸುಮಾರು 200 ಕಲಾವಿದರು ಮನವಿಗೆ ಸಹಿ ಹಾಕಿದರು. ಪಶ್ಚಿಮ ಜರ್ಮನಿಯೂ ಒತ್ತಡ ಹೇರಿತು. 1969ರಲ್ಲಿ ಬಿಡುಗಡೆಯಾದ ಯುನ್ 1971ರಲ್ಲಿ ಜರ್ಮನ್ ಪೌರರಾದರು. ಗ್ವಾಂಗ್‌ಜುವಿನಲ್ಲಿ 1980ರಲ್ಲಿ ಸೇನೆ ಕೊಂದ ನಾಗರಿಕರ ನೆನಪಿಗೆ ಮರುವರ್ಷ ಆರ್ಕೆಸ್ಟ್ರಾ ಕೃತಿಯೊಂದನ್ನು ಬರೆದರು. ಬದುಕಿರುವಾಗ ದಕ್ಷಿಣ ಕೊರಿಯಾಕ್ಕೆ ಮತ್ತೆ ಹೋಗಲಾಗಲಿಲ್ಲ. ಉತ್ತರದೊಂದಿಗೆ ಅವರಿಟ್ಟುಕೊಂಡ ನಂಟಿನ ಬಗ್ಗೆ ಅಲ್ಲಿ ತಕರಾರು ಅವರ ಸಾವಿನ ನಂತರವೂ ಉಳಿಯಿತು. ಅವರ ಅವಶೇಷ ಟೊಂಗ್‌ಯೊಂಗ್‌ಗೆ ಮರಳಿದ್ದು 2018ರಲ್ಲಿ.

ಎರಡು ಸಂಸ್ಕೃತಿಗಳ ‘ಬೆಸುಗೆ’ ಎಂದು ನಾವು ಸಲೀಸಾಗಿ ಹೊಗಳುತ್ತೇವೆ. ಅದಕ್ಕೆ ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯುನ್ ಅವರ ಚರಿತ್ರೆಯಲ್ಲಿ ಗೋರಿಯ ಚಿತ್ರ ನೋಡಲು ದಾಟಿದ ಗಡಿಯೊಂದಕ್ಕೆ ತೆತ್ತದ್ದು ಸುಮಾರು ಎರಡು ವರ್ಷದ ಸೆರೆ ಮತ್ತು ಒಂದು ತಾಯ್ನಾಡು.